ಮಲೆನಾಡಿನ ಜಾಡಿನಲ್ಲಿ ಫೋರ್ ವೀಲ್ ಡ್ರೈವ್: ತಂಡದೊಂದಿಗೆ ಮೊದಲ ಬಾರಿ ಹೊರಡುವವರಿಗೆ

ನಿಟ್ಟೂರಿನ ಕಡೆಯಿಂದ ಕೊಡಚಾದ್ರಿಗೆ ಹತ್ತುವ ಬಾಡಿಗೆ ಜೀಪಿನಲ್ಲಿ ಮುಂದಿನ ಸೀಟು ಸಿಕ್ಕರೆ, ಒಮ್ಮೆಯಾದರೂ ಕಣಿವೆಯನ್ನು ನೋಡದೆ ಚಾಲಕರ ಕೈಕಾಲುಗಳನ್ನಷ್ಟೇ ಗಮನಿಸುತ್ತಾ ಕುಳಿತುಕೊಳ್ಳಿ. 1,343 ಮೀಟರ್ ಎತ್ತರದ ಆ ಬೆಟ್ಟದ ಕಲ್ಲುದಾರಿಯಲ್ಲಿ ಅವರು ಅವಸರಪಡುವುದಿಲ್ಲ, ಕ್ಲಚ್ಚನ್ನು ಅರ್ಧ ಒತ್ತಿ ಹಿಡಿಯುವುದಿಲ್ಲ, ಯಾವ ಕಲ್ಲಿನ ಮೇಲೆ ಯಾವ ಚಕ್ರ ಬರಬೇಕೆಂಬುದನ್ನು ಎರಡು ಮಾರು ಮೊದಲೇ ತೀರ್ಮಾನಿಸಿರುತ್ತಾರೆ. ಎದುರಿನಿಂದ ಇನ್ನೊಂದು ಜೀಪು ಬರುವ ಸದ್ದು ಕೇಳಿದರೆ ಅಗಲವಾದ ಜಾಗ ನೋಡಿ ನಿಂತು ಕಾಯುತ್ತಾರೆ. ಯಾರದಾದರೂ ಚಕ್ರ ಜಾರಿ ಸಿಕ್ಕಿಕೊಂಡರೆ, ಹಿಂದಿದ್ದವರು ಕರೆಯುವ ಮೊದಲೇ ಇಳಿದು ಬಂದು ಚಕ್ರಕ್ಕೆ ಕಲ್ಲು ಕೊಡುತ್ತಾರೆ. ಸ್ವಂತ ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರಗಳು ಎಳೆಯುವ) ವಾಹನ ಕೊಂಡು ರಸ್ತೆ ಬಿಟ್ಟು ಜಾಡು ಹಿಡಿಯಬೇಕೆಂದು ಬಯಸುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ತಿಳಿದಿಲ್ಲ. ನಾಲ್ಕೈದು ವಾಹನಗಳ ತಂಡ ಒಂದು ದಿನದ ಮಟ್ಟಿಗೆ ಹೊರಡುತ್ತದೆ, ಅದರಲ್ಲಿ ಇಬ್ಬರಾದರೂ ಹೊಸಬರು ಎಂದು ಭಾವಿಸಿ ಮುಂದಿನದನ್ನು ಬರೆದಿದ್ದೇನೆ.

ಜಾಗ, ಅನುಮತಿ, ಕಾಲ

ಮೊದಲು ನಿಶ್ಚಯಿಸಬೇಕಾದದ್ದು ಜಾಗ. ಶಿವಮೊಗ್ಗ ಮತ್ತು ಅದರ ಸುತ್ತಿನ ಮಲೆನಾಡಿನ ಕಾಡಿನಲ್ಲಿ ದೊಡ್ಡ ಪಾಲು ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಮೂಕಾಂಬಿಕಾ, ಸೋಮೇಶ್ವರ ಮುಂತಾದ ವನ್ಯಜೀವಿ ಧಾಮಗಳಿಗೆ ಸೇರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಧಾಮದೊಳಗೆ ಪ್ರವೇಶಿಸುವುದು ಅಪರಾಧ. ಕಾಡಿನ ಅಂಚಿನಲ್ಲಿ ಹಳೆಯ ಚಕ್ರದ ಗುರುತು ಕಂಡಿತು ಎಂದ ಮಾತ್ರಕ್ಕೆ ಅದು ನಮಗೆ ತೆರೆದ ದಾರಿಯಾಗುವುದಿಲ್ಲ. ಅದು ಇಲಾಖೆಯ ಗಸ್ತಿನ ದಾರಿಯಾಗಿರಬಹುದು, ಹಿಂದೆಂದೋ ಮರ ಸಾಗಿಸಿದ ಕೂಪಿನ ದಾರಿಯಾಗಿರಬಹುದು. ಹೊಸಬರಿಗೆ ನಾನು ಹೇಳುವುದು ಒಂದೇ ಜಾಗ: ಪರಿಚಯದ ಕೃಷಿಕರ ತೋಟದ ದಾರಿ ಮತ್ತು ಅದಕ್ಕೆ ಹೊಂದಿಕೊಂಡ ಅವರದೇ ಬ್ಯಾಣ, ಅಂದರೆ ಹುಲ್ಲುಗಾವಲು.

ತೋಟದ ಯಜಮಾನರನ್ನು ಒಂದು ವಾರ ಮೊದಲೇ ಕಂಡು ಮಾತಾಡಬೇಕು. ಎಷ್ಟು ವಾಹನ, ಎಷ್ಟು ಜನ, ಎಷ್ಟು ಹೊತ್ತು ಎಂಬುದನ್ನು ಸ್ಪಷ್ಟವಾಗಿ ತಿಳಿಸಿ, ಸಾಧ್ಯವಾದರೆ ಅವರೊಂದಿಗೆ ಇಡೀ ದಾರಿಯನ್ನು ನಡೆದು ನೋಡಬೇಕು. ಈ ನಡಿಗೆಯಲ್ಲಿ ಕೇಳಲೇಬೇಕಾದ ಪ್ರಶ್ನೆ, ಅಬ್ಬಿ ನೀರಿನ ಪೈಪು ಎಲ್ಲಿ ಹಾದುಹೋಗುತ್ತದೆ ಎಂಬುದು. ಗುಡ್ಡದ ಒರತೆಯಿಂದ ಮನೆಗೆ ನೀರು ತರುವ ಆ ಪೈಪು ಎಷ್ಟೋ ಕಡೆ ನೆಲದ ಮೇಲೆಯೇ ದರಗಿನಡಿ (ಉದುರಿದ ಒಣ ಎಲೆಗಳಡಿ) ಮಲಗಿರುತ್ತದೆ. ಅದರ ಮೇಲೆ ಒಂದು ಚಕ್ರ ಹರಿದರೂ ಸಂಜೆ ಆ ಮನೆಯಲ್ಲಿ ನೀರಿರುವುದಿಲ್ಲ. ಇನ್ನೊಂದು ಮಾತು ಮೆಣಸಿನ ಬಳ್ಳಿಯದು. ಕಾಳುಮೆಣಸಿನ ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ ಬದುಕುತ್ತದೆ ಮತ್ತು ಮಣ್ಣಿನೊಂದಿಗೆ ಪ್ರಯಾಣಿಸುತ್ತದೆ. ಒಂದು ತೋಟದ ಕೆಸರನ್ನು ಚಕ್ರಕ್ಕೆ ಮೆತ್ತಿಕೊಂಡು ಇನ್ನೊಂದು ತೋಟಕ್ಕೆ ನುಗ್ಗುವುದು ಬೆಳೆಗಾರರ ವರ್ಷಗಳ ದುಡಿಮೆಗೆ ಅಪಾಯ ತರುವ ಕೆಲಸ. ಆದ್ದರಿಂದ ಚಕ್ರ, ಮಡ್‌ಗಾರ್ಡ್ ಮತ್ತು ಅಡಿಭಾಗವನ್ನು ತೊಳೆದೇ ಹೊರಡಬೇಕು, ಒಂದೇ ದಿನ ಎರಡು ತೋಟಗಳ ಕಾರ್ಯಕ್ರಮ ಇಟ್ಟುಕೊಳ್ಳಬಾರದು.

ಕಾಲದ ವಿಷಯದಲ್ಲಿ ನನ್ನ ಅಭಿಪ್ರಾಯ ಹಲವು ಗೆಳೆಯರಿಗೆ ಹಿಡಿಸುವುದಿಲ್ಲ. ಮಳೆಗಾಲದ ಕೆಸರೇ ಈ ಹವ್ಯಾಸದ ಸೊಗಸು ಎಂದು ಅವರು ವಾದಿಸುತ್ತಾರೆ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಆ ತಿಂಗಳುಗಳಲ್ಲಿ ಇಳಿಜಾರಿನಲ್ಲಿ ಚಕ್ರ ಕೊರೆದ ಜಾಡು ಮರುದಿನವೇ ನೀರಿನ ಹಾದಿಯಾಗುತ್ತದೆ, ತಿಂಗಳೊಳಗೆ ಮೊಣಕಾಲೆತ್ತರದ ಕೊರಕಲಾಗುತ್ತದೆ. ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯವರೆಗೆ ನೆಲದಲ್ಲಿ ತೇವ ಇರುತ್ತದೆ, ಹಳ್ಳಗಳು ತಿಳಿಯಾಗಿರುತ್ತವೆ, ತಪ್ಪು ಮಾಡಿದರೂ ನೆಲ ಕ್ಷಮಿಸುತ್ತದೆ. ಕಲಿಯುವವರಿಗೆ ಇದೇ ಸರಿಯಾದ ಕಾಲ.

ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಋತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಈ ರೋಗವನ್ನು ಹರಡುವುದು ಕಾಡಿನ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಆ ತಿಂಗಳುಗಳಲ್ಲಿ ಹೋಗಲೇಬೇಕಾದರೆ, ಸುತ್ತಮುತ್ತ ಮಂಗ ಸತ್ತ ಸುದ್ದಿ ಇದೆಯೇ ಎಂದು ಊರಿನ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ. ಇದ್ದರೆ ಕಾರ್ಯಕ್ರಮವನ್ನು ರದ್ದುಪಡಿಸಿ. ಇಲ್ಲದಿದ್ದರೂ ಉದ್ದ ತೋಳಿನ ಬಟ್ಟೆ ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಉಣುಗನ್ನು ದೂರವಿಡಲು ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ. ದರಗಿನ ಮೇಲೆ ಕುಳಿತು ಊಟ ಮಾಡುವ ಆಸೆಯನ್ನು ಬಿಡಿ. ಮರಳಿದ ಮುಂದಿನ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರು ಇಳಿದಾಗ ಬಯಲಾಗುವ ನೆಲ ಕಣ್ಣಿಗೆ ಆಟದ ಮೈದಾನದಂತೆ ಕಾಣುತ್ತದೆ. ಹೊಸಬರನ್ನು ನಾನು ಅಲ್ಲಿಗೆ ಕರೆದೊಯ್ಯುವುದಿಲ್ಲ. ಮೇಲೆ ಒಣಗಿ ಬಿರುಕುಬಿಟ್ಟ ಹೊದಿಕೆಯ ಕೆಳಗೆ ಮೆತ್ತನೆಯ ಹೂಳು ಇರುತ್ತದೆ, ಚಕ್ರ ಒಮ್ಮೆ ಹೊದಿಕೆ ಒಡೆದರೆ ವಾಹನ ಅಚ್ಚಿನವರೆಗೆ ಇಳಿಯುತ್ತದೆ, ಮತ್ತು ಹಗ್ಗ ಕಟ್ಟಲು ಸುತ್ತ ಒಂದು ಮರವೂ ಇರುವುದಿಲ್ಲ. ಅದೂ ಅಲ್ಲದೆ ಅದು 1964ರಲ್ಲಿ ಅಣೆಕಟ್ಟು ಮುಗಿದಾಗ ಮನೆಮಠ ಕಳೆದುಕೊಂಡವರ ಊರುಗಳ ನೆಲ. ಅಲ್ಲಿ ಚಕ್ರ ತಿರುಗಿಸಿ ಧೂಳೆಬ್ಬಿಸಲು ನನಗೆ ಮನಸ್ಸು ಬರುವುದಿಲ್ಲ.

ವಾಹನವನ್ನು ಅರಿತುಕೊಳ್ಳುವುದು

ಮೊದಲ ಸವಾರಿಗೆ ಕಾರ್ಖಾನೆಯಿಂದ ಬಂದ ರೂಪದಲ್ಲೇ ಇರುವ ವಾಹನ ಸಾಕು. ಈಗಿನ ಮಹೀಂದ್ರ ಥಾರ್‌ಗೆ 226 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಅಡಿಭಾಗಕ್ಕಿರುವ ಎತ್ತರ) ಇದೆ, ಮಾರುತಿ ಜಿಮ್ನಿಗೆ 210. ತೋಟದ ದಾರಿಗೆ ಇವೆರಡೂ ಸಾಲುತ್ತವೆ. ಎತ್ತರ ಹೆಚ್ಚಿಸುವುದು, ದೊಡ್ಡ ಟೈರು ಹಾಕಿಸುವುದು ಇವೆಲ್ಲ ಕಲಿತ ಮೇಲಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ ಎಂಬುದನ್ನೂ ಆಗ ನೆನಪಿಡಬೇಕು. ಹಳೆಯ ಜಿಪ್ಸಿ ಅಥವಾ ಎಂಎಂ 540 ಜೀಪು ತರುವವರು ಮುಂದಿನ ಚಕ್ರದ ಹಬ್ ಲಾಕುಗಳು (ಚಕ್ರವನ್ನು ಅಚ್ಚಿಗೆ ಬೆಸೆಯುವ ಬೀಗಗಳು) ಕೈಯಿಂದ ತಿರುಗಿಸುವ ಬಗೆಯವೇ ಎಂದು ಮನೆಯಲ್ಲೇ ನೋಡಿಕೊಳ್ಳಬೇಕು. ಹಬ್ ತೆರೆದೇ ಇದ್ದರೆ ಫೋರ್ ವೀಲ್ ಲಿವರ್ ಹಾಕಿದರೂ ಮುಂದಿನ ಚಕ್ರಗಳು ಎಳೆಯುವುದಿಲ್ಲ, ಅದನ್ನು ಕೆಸರಿನ ನಡುವೆ ಇಳಿದು ತಿಳಿಯುವುದು ಕಷ್ಟದ ದಾರಿ.

ಲಿವರಿನ ಅರ್ಥ ಹೀಗೆ. ಟೂ ಎಚ್, ಅಂದರೆ ಎರಡೇ ಚಕ್ರಗಳು ಎಳೆಯುವುದು, ಡಾಂಬರಿಗೆ. ಫೋರ್ ಎಚ್, ಅಂದರೆ ನಾಲ್ಕೂ ಚಕ್ರಗಳು ಎಳೆಯುವುದು, ಸಡಿಲ ಮಣ್ಣಿನಲ್ಲಿ ತುಸು ವೇಗವಾಗಿ ಸಾಗುವುದಕ್ಕೆ. ಫೋರ್ ಎಲ್ ಕಡಿದಾದ ಏರು, ಇಳುಕಲು, ಕಲ್ಲು ಮತ್ತು ಹಳ್ಳಕ್ಕೆ. ಇದರಲ್ಲಿ ವೇಗ ಕುಗ್ಗಿ ಎಳೆತ ಹೆಚ್ಚುತ್ತದೆ. ಫೋರ್ ಎಲ್‌ಗೆ ಹಾಕುವಾಗ ವಾಹನ ನಿಂತಿರಬೇಕು, ಗೇರು ನ್ಯೂಟ್ರಲ್‌ನಲ್ಲಿರಬೇಕು. ಈ ವಾಹನಗಳಲ್ಲಿ ಮುಂದಿನ ಮತ್ತು ಹಿಂದಿನ ಅಚ್ಚು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇರುವುದಿಲ್ಲವಾದ್ದರಿಂದ, ಒಣ ಡಾಂಬರಿನಲ್ಲಿ ಫೋರ್ ಎಚ್ ಹಾಕಿ ತಿರುವು ತೆಗೆದುಕೊಂಡರೆ ಎರಡು ಅಚ್ಚುಗಳು ಪರಸ್ಪರ ತಿರುಚಿಕೊಂಡು ಗೇರುಗಳಿಗೆ ಪೆಟ್ಟಾಗುತ್ತದೆ. ಜಾಡು ಮುಗಿದು ರಸ್ತೆಗೆ ಬಂದ ಕೂಡಲೇ ಟೂ ಎಚ್‌ಗೆ ಮರಳಬೇಕು.

ಟೈರಿನ ಗಾಳಿ ಇಳಿಸುವುದು ಖರ್ಚಿಲ್ಲದೆ ಸಿಗುವ ಅತಿ ದೊಡ್ಡ ಸಹಾಯ. ರಸ್ತೆಯಲ್ಲಿ 30 ಪಿಎಸ್‌ಐ ಆಸುಪಾಸಿನಲ್ಲಿರುವ ಗಾಳಿಯನ್ನು ಜಾಡಿನ ಬಾಯಲ್ಲಿ 20ಕ್ಕೆ ಇಳಿಸಿದರೆ ಟೈರು ಉದ್ದಕ್ಕೆ ಚಪ್ಪಟೆಯಾಗಿ ನೆಲವನ್ನು ಹೆಚ್ಚು ಹಿಡಿಯುತ್ತದೆ, ಕಲ್ಲಿನ ಮೇಲೆ ಬಾಗಿ ಹೊಂದಿಕೊಳ್ಳುತ್ತದೆ, ನೆಲ ಕೊರೆಯುವುದೂ ಕಡಿಮೆಯಾಗುತ್ತದೆ. 15ಕ್ಕಿಂತ ಕೆಳಗೆ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಭಯವಿದೆ. ಗಾಳಿ ತುಂಬುವ ಕಂಪ್ರೆಸರ್ ತಂಡದಲ್ಲಿ ಎರಡಾದರೂ ಇರಲಿ.

ಹೊರಡುವ ಬೆಳಿಗ್ಗೆ

ಜಾಡಿನ ಬಾಯಲ್ಲಿ ಎಲ್ಲರೂ ಇಳಿದು ಹತ್ತು ನಿಮಿಷ ಮಾತಾಡದೆ ಹೊರಡುವ ತಂಡದೊಂದಿಗೆ ನಾನು ಹೋಗುವುದಿಲ್ಲ. ಸಾಲಿನ ಕ್ರಮ ಅಲ್ಲಿಯೇ ತೀರ್ಮಾನವಾಗಬೇಕು. ದಾರಿ ನಡೆದು ನೋಡಿದವರು ಮುಂದೆ. ಅವರ ಹಿಂದೆ ಹೊಸಬರು. ಕೊನೆಯಲ್ಲಿ ಎಲ್ಲರಿಗಿಂತ ಅನುಭವಿ, ಎಳೆಯುವ ಸಾಮಾನೆಲ್ಲ ಅವರ ವಾಹನದಲ್ಲಿ. ಪ್ರತಿಯೊಬ್ಬ ಚಾಲಕರೂ ತಮ್ಮ ಹಿಂದಿನ ವಾಹನಕ್ಕೆ ಹೊಣೆ. ಪ್ರತಿ ಕವಲಿನಲ್ಲೂ ನಿಂತು, ಹಿಂದಿನವರು ಕಣ್ಣಿಗೆ ಬಿದ್ದು ಅವರೂ ನಿಮ್ಮನ್ನು ಕಂಡರೆಂದು ಖಾತ್ರಿಯಾದ ಮೇಲೆಯೇ ಮುಂದುವರಿಯಬೇಕು. ಈ ಒಂದು ನಿಯಮವನ್ನು ಎಲ್ಲರೂ ಪಾಲಿಸಿದರೆ ಮೊಬೈಲಿನ ಸಿಗ್ನಲ್ ಇಲ್ಲದ ಕಾಡಂಚಿನಲ್ಲೂ ತಂಡ ಚದುರುವುದಿಲ್ಲ. ಪರವಾನಗಿ ಬೇಡದ ತರಂಗಾಂತರದ ವಾಕಿಟಾಕಿ ಇದ್ದರೆ ಅನುಕೂಲ. ಆದರೂ ಮಲೆನಾಡಿನ ಏರುತಗ್ಗಿನಲ್ಲಿ ಒಂದು ದಿಣ್ಣೆ ಅಡ್ಡ ಬಂದರೆ ಅದೂ ಮೂಕವಾಗುತ್ತದೆ.

ವೇಗವನ್ನು ನಿರ್ಧರಿಸುವವರು ತಂಡದ ಅತಿ ಹೊಸ ಚಾಲಕರು. ಯಾರಾದರೂ ಒಂದು ಏರನ್ನು ನೋಡಿ "ನನ್ನಿಂದ ಆಗುವುದಿಲ್ಲ" ಎಂದರೆ ಅಲ್ಲಿಗೆ ಮಾತು ಮುಗಿಯಬೇಕು. ಹುರಿದುಂಬಿಸುವುದಾಗಲಿ ಛೇಡಿಸುವುದಾಗಲಿ ಕೂಡದು. ನಾಚಿಕೆಗೆ ಬಿದ್ದು ಏರಿಗೆ ಹೊರಟವರ ಕಾಲು ಆಕ್ಸಿಲೇಟರ್ ಮೇಲೆ ಇರಬೇಕಾದುದಕ್ಕಿಂತ ಭಾರವಾಗಿರುತ್ತದೆ. ಮದ್ಯದ ಬಾಟಲಿ ಯಾರ ವಾಹನದಲ್ಲಿದ್ದರೂ ಆ ವಾಹನ ಅಲ್ಲಿಂದಲೇ ಹಿಂತಿರುಗಲಿ. ಇದರಲ್ಲಿ ರಿಯಾಯಿತಿ ಬೇಡ.

ದಾರಿಯಲ್ಲಿ ದಣಪೆ (ಅಡ್ಡಗಳಗಳ ಬೇಲಿಬಾಗಿಲು) ಸಿಕ್ಕರೆ ಮೊದಲ ವಾಹನದವರು ಗಳ ಸರಿಸಬೇಕು, ಕೊನೆಯ ವಾಹನದವರು ಇದ್ದ ಹಾಗೆಯೇ ಮರಳಿ ಹಾಕಬೇಕು. ತೆರೆದಿಟ್ಟ ಒಂದು ದಣಪೆಯಿಂದ ದನ ನುಗ್ಗಿ ತೋಟ ತಿಂದರೆ ಮುಂದೆ ಯಾವ ತಂಡಕ್ಕೂ ಆ ಊರಿನಲ್ಲಿ ದಾರಿ ಸಿಗುವುದಿಲ್ಲ.

ಏರು ಮತ್ತು ಇಳುಕಲು

ಕಣ್ಣಿಗೆ ಕಾಣದ ಯಾವ ತಿರುವಿಗೂ ನಡೆದು ನೋಡದೆ ವಾಹನ ಬಿಡಬೇಡಿ. ಏರಿನಲ್ಲಿ ಒಂದು ಸಲಕ್ಕೆ ಒಂದೇ ವಾಹನ. ಅದು ಮೇಲೆ ತಲುಪಿ ಪಕ್ಕಕ್ಕೆ ಸರಿದ ಮೇಲೆ ಮುಂದಿನದು ಹೊರಡಬೇಕು. ದಾರಿ ತೋರಿಸಲು ಒಬ್ಬರೇ ನಿಲ್ಲಬೇಕು. ನಾಲ್ವರು ನಾಲ್ಕು ಕಡೆಯಿಂದ "ಎಡಕ್ಕೆ, ಬಲಕ್ಕೆ" ಎಂದು ಕೂಗಿದರೆ ಚಾಲಕರಿಗೆ ಏನೂ ಕೇಳಿಸುವುದಿಲ್ಲ. ಸ್ಟೇರಿಂಗನ್ನು ಹೆಬ್ಬೆರಳು ಹೊರಗಿಟ್ಟು ಹಿಡಿಯಿರಿ. ಮುಂದಿನ ಚಕ್ರ ಕಲ್ಲಿಗೆ ಬಡಿದಾಗ ಸ್ಟೇರಿಂಗ್ ಥಟ್ಟನೆ ತಿರುಗುತ್ತದೆ, ಒಳಗಿದ್ದ ಹೆಬ್ಬೆರಳು ಮುರಿಯಬಹುದು.

ಮಲೆನಾಡಿನ ಜಂಬಿಟ್ಟಿಗೆ ನೆಲಕ್ಕೆ ಎರಡು ಮುಖಗಳಿವೆ. ಒಣಗಿದಾಗ ಮೇಲಿನ ಸಡಿಲ ಮುರಕಲ್ಲಿನ ಹರಳುಗಳು ಚಕ್ರದಡಿ ಗೋಲಿಗಳಂತೆ ಉರುಳುತ್ತವೆ. ತುಸು ನೆನೆದರೆ ಕೆಂಪು ಮಣ್ಣು ಸಾಬೂನಿನಂತೆ ಜಾರುತ್ತದೆ. ಎರಡರಲ್ಲೂ ಮದ್ದು ಒಂದೇ: ಚಕ್ರ ಗಿರಕಿ ಹೊಡೆಯದಂತೆ, ಫೋರ್ ಎಲ್‌ನಲ್ಲಿ ಮೊದಲ ಅಥವಾ ಎರಡನೆಯ ಗೇರಿನಲ್ಲಿ ಸಮನಾದ ವೇಗದಲ್ಲಿ ಏರುವುದು.

ಏರು ಅರ್ಧಕ್ಕೆ ನಿಂತರೆ ಏನು ಮಾಡಬೇಕೆಂಬುದನ್ನು ಸಮತಟ್ಟಿನಲ್ಲೇ ಅಭ್ಯಾಸ ಮಾಡಿರಬೇಕು. ಬ್ರೇಕು ಒತ್ತಿ ಹಿಡಿದು, ಹಿಂದಕ್ಕೆ ಹೋಗುವ ಗೇರು ಹಾಕಿ, ಕ್ಲಚ್ಚು ಪೂರ್ತಿ ಬಿಟ್ಟು, ಎಂಜಿನ್ನಿನ ಹಿಡಿತದಲ್ಲೇ ಬಂದ ಜಾಡಿನಲ್ಲಿ ನೇರ ಕೆಳಗಿಳಿಯಬೇಕು. ತಿರುಗಿಸಬಾರದು. ಹೊಸನಗರದ ಕಡೆಯ ಒಂದು ಬ್ಯಾಣದಲ್ಲಿ, ನನ್ನ ಮೊದಲ ವರ್ಷದಲ್ಲಿ, ಅರ್ಧ ಏರಿನಲ್ಲಿ ನಿಂತ ವಾಹನವನ್ನು ತಿರುಗಿಸಿಕೊಂಡು ಇಳಿಸಲು ಹೊರಟೆ. ಅಡ್ಡ ಬಂದ ಕ್ಷಣದಲ್ಲಿ ಮೇಲ್ಬದಿಯ ಚಕ್ರಗಳು ಹಗುರಾದವು. ಸೀಟಿನಲ್ಲಿ ಅಲುಗಾಡದೆ ಕುಳಿತಿರುವಂತೆ ಹೇಳಿದ ಗೆಳೆಯರಿಗೆ, ಮೇಲ್ಬದಿಯ ಚೌಕಟ್ಟಿಗೆ ಹಗ್ಗ ಕಟ್ಟಿ ಹಲಸಿನ ಮರಕ್ಕೆ ಬಿಗಿದು, ಕೆಳಬದಿಯ ಚಕ್ರಗಳಿಗೆ ಕಲ್ಲು ಒಟ್ಟಿ, ಇಂಚಿಂಚಾಗಿ ಮೂತಿಯನ್ನು ಇಳಿಜಾರಿನತ್ತ ತಿರುಗಿಸಲು ಮೂರು ಗಂಟೆ ಹಿಡಿಯಿತು. ಆ ಮೂರು ಗಂಟೆಯಲ್ಲಿ ಯಾರೊಬ್ಬರೂ ಧ್ವನಿ ಎತ್ತರಿಸಲಿಲ್ಲ. ಅಡ್ಡ ಇಳಿಜಾರಿನಲ್ಲಿ ವಾಹನ ಜಾರತೊಡಗಿದರೆ ಸ್ಟೇರಿಂಗನ್ನು ಇಳಿಜಾರಿನತ್ತಲೇ ತಿರುಗಿಸಬೇಕು ಎಂಬುದನ್ನು, ಮನಸ್ಸು ಒಪ್ಪದಿದ್ದರೂ, ಕೈ ಕಲಿತಿರಬೇಕು.

ಇಳಿಯುವಾಗ ಮೊದಲ ಗೇರು, ಫೋರ್ ಎಲ್, ಎರಡೂ ಕಾಲು ಕ್ಲಚ್ಚು ಮತ್ತು ಆಕ್ಸಿಲೇಟರಿನಿಂದ ದೂರ. ಚಕ್ರ ಕಟ್ಟಿಕೊಂಡು ಜಾರಿದರೆ ಬ್ರೇಕು ಬಿಟ್ಟು, ಚಕ್ರ ಮತ್ತೆ ಉರುಳುವಷ್ಟು ಮಾತ್ರ ಆಕ್ಸಿಲೇಟರನ್ನು ಸ್ವಲ್ಪ ಒತ್ತಬೇಕು.

ಹಳ್ಳ ದಾಟುವಾಗ

ನಡೆದು ದಾಟಲಾಗದ ಹಳ್ಳವನ್ನು ವಾಹನದಲ್ಲಿ ದಾಟಬಾರದು. ಒಬ್ಬರು ಕೋಲು ಹಿಡಿದು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಎರಡೂ ಚಕ್ರಗಳ ಹಾದಿಯಲ್ಲಿ ನಡೆದು ನೋಡಲಿ. ಥಾರ್ 650 ಮಿಲಿಮೀಟರ್ ನೀರು ದಾಟಬಲ್ಲದು ಎಂಬುದು ಕಂಪನಿಯ ಅಂಕಿ. ಅದು ಹರಿಯುವ ಹಳ್ಳದ ಸೆಳವನ್ನು, ಹಾವಸೆ ಹಿಡಿದ ಕಲ್ಲನ್ನು, ತಳದ ಗುಂಡಿಯನ್ನು ಲೆಕ್ಕಕ್ಕೆ ಹಿಡಿದದ್ದಲ್ಲ. ಚಕ್ರದ ನಡುಮಟ್ಟಕ್ಕಿಂತ ಮೇಲೆ ನೀರಿದ್ದರೆ ಹೊಸಬರು ಹಿಂತಿರುಗಲಿ. ಇಲ್ಲಿ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಸುರಿದಿರಬಹುದು. ತಿಳಿಯಾಗಿದ್ದ ನೀರು ಕೆಂಪಗಾದರೆ, ಎಲೆ ಕಡ್ಡಿ ತೇಲಿ ಬರತೊಡಗಿದರೆ, ಎಲ್ಲರೂ ಒಂದೇ ದಡದಲ್ಲಿ ಉಳಿಯಬೇಕು. ತಂಡ ಎರಡು ದಡಗಳಲ್ಲಿ ಒಡೆದುಹೋಗುವುದೇ ದೊಡ್ಡ ಅಪಾಯ.

ಫೋರ್ ಎಲ್‌ನಲ್ಲಿ ನಿಧಾನವಾಗಿ ಇಳಿದು, ಮೂತಿಯ ಮುಂದೆ ಒಂದು ಸಣ್ಣ ಅಲೆ ಏಳುವಷ್ಟು ವೇಗದಲ್ಲಿ, ಗೇರು ಬದಲಿಸದೆ ದಾಟಬೇಕು. ನಡುನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನೊಳಗೆ ನೀರು ಹೊಕ್ಕಿದ್ದರೆ ಒಂದೇ ಸಲ ಕೀಲಿ ತಿರುಗಿಸಿದರೂ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಗ್ಗ ಕಟ್ಟಿ ಎಳೆಸಿಕೊಳ್ಳಿ. ಆಚೆ ದಡದಲ್ಲಿ ಬ್ರೇಕನ್ನು ಮೆಲ್ಲಗೆ ನಾಲ್ಕಾರು ಸಲ ಒತ್ತಿ ಒಣಗಿಸಿಕೊಂಡು ಮುಂದೆ ಹೋಗಿ.

ಸಿಕ್ಕಿಕೊಂಡಾಗ

ಜಾಡಿನಲ್ಲಿ ಗಂಭೀರ ಗಾಯಗಳಾಗುವುದು ಹಲವು ಸಲ ಓಡಿಸುವಾಗಲ್ಲ, ಎಳೆಯುವಾಗ. ಆದ್ದರಿಂದ ಈ ಭಾಗವನ್ನು ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಚಕ್ರ ಸುಮ್ಮನೆ ತಿರುಗುತ್ತಿದೆ ಎನಿಸಿದ ಕ್ಷಣವೇ ಕಾಲು ತೆಗೆಯಿರಿ. ಒಂದು ನಿಮಿಷ ಹಟ ಹಿಡಿದರೆ ಅರ್ಧ ಗಂಟೆಯ ಅಗೆತ ಹೆಚ್ಚುತ್ತದೆ. ಇಳಿದು ನೋಡಿ: ಹೊಟ್ಟೆ ನೆಲಕ್ಕೆ ತಾಗಿದೆಯೇ, ಯಾವ ಚಕ್ರ ಗಾಳಿಯಲ್ಲಿದೆ, ಬಂದ ದಾರಿಯಲ್ಲೇ ಹಿಂದಕ್ಕೆ ಬರಲಾಗುವುದೇ? ಬಹಳ ಸಲ ಹಿಂದಕ್ಕೆ ಬರುವುದೇ ಸುಲಭ. ಹಾರೆ, ಗುದ್ದಲಿ, ಸಲಿಕೆ ಹಿಡಿದು ಚಕ್ರದ ಮುಂದಿನ ಮಣ್ಣನ್ನು ಇಳಿಜಾರಾಗಿ ಕೆತ್ತಿ, ಚಪ್ಪಟೆ ಕಲ್ಲು ಕೊಟ್ಟು ಪ್ರಯತ್ನಿಸಿದರೆ ಅರ್ಧದಷ್ಟು ಪ್ರಸಂಗಗಳು ಹಗ್ಗವಿಲ್ಲದೆಯೇ ಮುಗಿಯುತ್ತವೆ. ಅಡಿಕೆ ದಬ್ಬೆಗಳನ್ನು (ಸೀಳಿದ ಅಡಿಕೆ ಮರದ ಪಟ್ಟಿಗಳನ್ನು) ಹಗ್ಗದಿಂದ ಹೆಣೆದು ಚಕ್ರದಡಿ ಹಾಸುವುದು ತೋಟದ ಜೀಪಿನವರಿಂದ ನಾನು ಕಲಿತ ಉಪಾಯ. ಆದರೆ ಚಕ್ರ ದಬ್ಬೆಯನ್ನು ಹಿಂದಕ್ಕೆ ಚಿಮ್ಮಿಸಬಹುದಾದ್ದರಿಂದ ಹಿಂದೆ ಯಾರೂ ನಿಲ್ಲಬಾರದು. ಹಸಿ ಗಿಡ ಕಡಿದು ಹಾಸುವುದು ಬೇಡ.

ಹಗ್ಗ ಬೇಕೇಬೇಕಾದರೆ ಮೊದಲ ಪ್ರಶ್ನೆ, ಎಲ್ಲಿಗೆ ಕಟ್ಟುವುದು? ಚಾಸಿಗೆ ಬಿಗಿದ ಎಳೆಯುವ ಕೊಕ್ಕೆಗೆ ಮಾತ್ರ. ವಾಹನವನ್ನು ಲಾರಿಯಲ್ಲಿ ಸಾಗಿಸುವಾಗ ಬಿಗಿಯಲೆಂದು ಕೊಟ್ಟ ತೆಳು ಕೊಂಡಿ ಇದಲ್ಲ. ಟ್ರೈಲರ್ ಸಿಕ್ಕಿಸುವ ಗೋಲಕ್ಕೆ (ಟೋ ಬಾಲ್) ಹಗ್ಗ ಹಾಕುವುದು ಪ್ರಾಣಾಪಾಯ. ಅದು ಮುರಿದರೆ ಗುಂಡಿನಂತೆ ಹಾರಿ ಗಾಜು ಸೀಳಿ ಬರುತ್ತದೆ. ಹಗ್ಗವನ್ನು ಕೊಕ್ಕೆಗೆ ಸೇರಿಸುವ ಬೋಲ್ಟಿನ ಕೊಂಡಿ, ಅಂದರೆ ಶ್ಯಾಕಲ್‌ನ ಮೇಲೆ 4.75 ಟನ್ ಎಂದು ಭಾರದ ಮಿತಿ ಅಚ್ಚಾಗಿರಲಿ. ಅಂಗಡಿಯಲ್ಲಿ ತೂಗಿ ಕೊಡುವ ಗುರುತಿಲ್ಲದ ಶ್ಯಾಕಲ್ ಬೇಡ. ಅದರ ಬೋಲ್ಟನ್ನು ಪೂರ್ತಿ ಬಿಗಿದು ಕಾಲು ಸುತ್ತು ಸಡಿಲಿಸಿದರೆ, ಎಳೆತದ ನಂತರ ಬಿಚ್ಚಲು ಬರುತ್ತದೆ.

ಹಗ್ಗಗಳಲ್ಲೂ ಎರಡು ಜಾತಿ. ಹಿಗ್ಗುವ ಕೈನೆಟಿಕ್ ಹಗ್ಗ ರಬ್ಬರಿನಂತೆ ಬಲವನ್ನು ಕೂಡಿಟ್ಟು ಕೊಡುತ್ತದೆ, ಎಳೆಯುವ ವಾಹನ ತುಸು ಸಡಿಲು ಬಿಟ್ಟು ಮೆಲ್ಲನೆ ಮುನ್ನುಗ್ಗಬಹುದು. ಹಿಗ್ಗದ ಪಟ್ಟಿಯಲ್ಲಿ ಹಾಗೆ ಸಡಿಲು ಬಿಟ್ಟು ಜಗ್ಗಿ ಎಳೆದರೆ ಏನಾದರೊಂದು ಮುರಿಯುತ್ತದೆ. ಅದನ್ನು ಮೊದಲು ಬಿಗಿ ಮಾಡಿಕೊಂಡು ನಿಧಾನವಾಗಿ ಎಳೆಯಬೇಕು. ಎರಡು ಹಗ್ಗಗಳನ್ನು ನಡುವೆ ಶ್ಯಾಕಲ್ ಹಾಕಿ ಜೋಡಿಸಬೇಡಿ.

ವಿಂಚ್ (ವಾಹನದಲ್ಲಿರುವ, ಹಗ್ಗ ಸುತ್ತಿ ಎಳೆಯುವ ಯಂತ್ರ) ಬಳಸುವಾಗ ಮರದ ಆಯ್ಕೆ ಮುಖ್ಯ. ಅಡಿಕೆ ಮರಕ್ಕೆ ಎಂದೂ ಕಟ್ಟಬಾರದು. ಅದರ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ, ಕಾಂಡ ತೆಳು. ದಪ್ಪನೆಯ ಹಲಸು, ಮಾವು, ಮತ್ತಿಯಂಥ ಮರದ ಬುಡಕ್ಕೆ, ಅಗಲವಾದ ಪಟ್ಟಿ ಸುತ್ತಿ, ಆದಷ್ಟು ತಗ್ಗಿನಲ್ಲಿ ಕಟ್ಟಿ. ತಂತಿ ಹಗ್ಗವನ್ನು ನೇರ ಸುತ್ತಿದರೆ ತೊಗಟೆ ಕೊರೆದು ಮರ ಸಾಯುತ್ತದೆ. ಬಿಗಿಯಾದ ಹಗ್ಗದ ನಡುವೆ ಒದ್ದೆ ಗೋಣಿಚೀಲ ಅಥವಾ ಕಂಬಳಿ ಹೊದಿಸಿದರೆ, ತುಂಡಾದಾಗ ಅದು ಹಾರುವ ರಭಸ ತಗ್ಗುತ್ತದೆ. ಎರಡೂ ವಾಹನಗಳ ಚಾಲಕರನ್ನು ಬಿಟ್ಟು ಉಳಿದವರೆಲ್ಲ ಹಗ್ಗದ ಉದ್ದಕ್ಕಿಂತ ಒಂದೂವರೆ ಪಟ್ಟು ದೂರ ಸರಿಯಬೇಕು, ಬಿಗಿಯಾದ ಹಗ್ಗವನ್ನು ಯಾರೂ ದಾಟಬಾರದು. ಸನ್ನೆ ಮಾಡುವವರು ಒಬ್ಬರೇ. "ನಿಲ್ಲಿಸಿ" ಎಂಬುದನ್ನು ಮಾತ್ರ ಯಾರು ಕೂಗಿದರೂ ಎಲ್ಲರೂ ನಿಲ್ಲಿಸಬೇಕು.

ಸಿಕ್ಕಿಕೊಂಡವರ ಮನಸ್ಥಿತಿಯನ್ನೂ ನೋಡಬೇಕು. ಹೊಸ ವಾಹನದ ಬಾಗಿಲಿಗೆ ಮಣ್ಣು ಉಜ್ಜಿ ಗೀರು ಬಿದ್ದಾಗ ಅವರಿಗೆ ಅಳು ಬರುವಷ್ಟು ಸಂಕಟವಾಗಿರುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆಯುವುದು ಆಮೇಲಾಗಲಿ. ಮೊದಲು ಒಂದು ಲೋಟ ನೀರು ಕೊಟ್ಟು, ಮಾಡಲಿರುವುದನ್ನು ವಿವರಿಸಿ, ಅವರ ಒಪ್ಪಿಗೆ ಪಡೆದು ಹಗ್ಗ ಕಟ್ಟಿ. ನಮ್ಮ ತಂಡದ ವಾಡಿಕೆಯಂತೆ, ಎಳೆಯುವಾಗ ಮುರಿದ ಸಾಮಾನಿನ ಖರ್ಚು ಎಲ್ಲರಿಗೂ ಸಮಪಾಲು. ಇದನ್ನು ಬೆಳಿಗ್ಗೆಯೇ ಹೇಳಿಬಿಟ್ಟಿರುವುದರಿಂದ ಸಹಾಯ ಕೇಳಲು ಯಾರೂ ಹಿಂಜರಿಯುವುದಿಲ್ಲ, ಸಹಾಯಕ್ಕೆ ಬಂದವರೂ ನಷ್ಟಕ್ಕೆ ಹೆದರುವುದಿಲ್ಲ.

ಮರಳುವ ಮುನ್ನ

ಸಂಜೆ ನಾಲ್ಕಕ್ಕೆ ಜಾಡಿನಿಂದ ಹೊರಬರುವಂತೆ ಲೆಕ್ಕ ಹಾಕಿಕೊಳ್ಳಿ. ಮಲೆನಾಡಿನ ಕಣಿವೆಗಳಲ್ಲಿ ಬೆಳಕು ಬಯಲುಸೀಮೆಗಿಂತ ಬೇಗ ಸರಿಯುತ್ತದೆ. ಟೈರಿಗೆ ಗಾಳಿ ತುಂಬಿ, ಚಕ್ರದ ನಟ್ಟುಗಳನ್ನು ಬಿಗಿದು ನೋಡಿ, ವಾಹನದಡಿ ಎಣ್ಣೆ ಸೋರುತ್ತಿದೆಯೇ ಎಂದು ಬಗ್ಗಿ ಪರೀಕ್ಷಿಸಿ. ಉಂಬಳ (ಜಿಗಣೆ), ಉಣುಗು ಮೈಗೆ ಹತ್ತಿವೆಯೇ ಎಂದು ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡಬೇಕು. ಮನೆಗೆ ಹೋದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ.

ಅದಕ್ಕೂ ಮೊದಲು ಒಂದು ಕೆಲಸ ಉಳಿದಿರುತ್ತದೆ. ಸಲಿಕೆ ಗುದ್ದಲಿ ಹಿಡಿದು, ನಮ್ಮ ಚಕ್ರಗಳು ಕೊರೆದ ಜಾಡುಗಳನ್ನು ಮುಚ್ಚಬೇಕು, ಇಳಿಜಾರಿನಲ್ಲಿ ಹತ್ತಿಪ್ಪತ್ತು ಮಾರಿಗೊಮ್ಮೆ ಓರೆಯಾಗಿ ಸಣ್ಣ ಕಾಲುವೆ ಕಡಿದು ನೀರು ಪಕ್ಕಕ್ಕೆ ಹರಿಯುವಂತೆ ಮಾಡಬೇಕು. ಐದು ವಾಹನಗಳ ಜನಕ್ಕೆ ಇದು ಒಂದು ಗಂಟೆಯೊಳಗಿನ ಕೆಲಸ. ಆಮೇಲೆ ಯಜಮಾನರ ಜಗಲಿಯಲ್ಲಿ ಕುಳಿತು, ಅವರು ಕೊಟ್ಟ ಬೆಲ್ಲ ನೀರು ಕುಡಿದು, ಪೈಪು ಬೇಲಿ ಎಲ್ಲಾದರೂ ಹಾಳಾಗಿದ್ದರೆ ನಾವೇ ತಿಳಿಸಿ, ರಿಪೇರಿಯ ಹಣವನ್ನು ಅಲ್ಲಿಯೇ ಕೊಟ್ಟು ಏಳಬೇಕು. ಮೊದಲ ವಾಹನದವರು ಸಾಲಿನ ಎಲ್ಲರ ಫೋನ್ ಸಂಖ್ಯೆ ಇಟ್ಟುಕೊಂಡಿರುತ್ತಾರೆ. ಶಿವಮೊಗ್ಗ, ಸಾಗರ, ಭದ್ರಾವತಿ ಎಂದು ಬೇರೆ ಬೇರೆ ದಿಕ್ಕಿಗೆ ಹೊರಟ ಐದೂ ಮನೆಗಳಿಂದ "ಮುಟ್ಟಿದೆವು" ಎಂಬ ಕರೆ ಬರುವವರೆಗೆ ಅವರು ಎಚ್ಚರವಾಗಿರಬೇಕು, ಬಾರದಿದ್ದರೆ ಅವರೇ ಕರೆ ಮಾಡಬೇಕು.